“ನೀವು ಗಟ್ಟಿಗಿತ್ತಿ, ತಡ್ಕೋತೀರಿ” ಅಂದರು: ಅಮೆರಿಕದ ಕಪ್ಪು ಹೆಂಗಸರ ಮಾತು ಆಸ್ಪತ್ರೆಗೆ ಯಾಕೆ ಕೇಳಿಸುವುದಿಲ್ಲ?

ಮಲ್ನಾಡ್_ಟು_ಅಟ್ಲಾಂಟಾ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ತೀರ್ಥಹಳ್ಳಿ ಕಡೆಯವಳು, ಅಟ್ಲಾಂಟಾಕ್ಕೆ ಬಂದು ಒಂಬತ್ತು ವರ್ಷ ಆಯಿತು. ನಮ್ಮ ಪಕ್ಕದ ಮನೆಯವಳು ಕಪ್ಪು ಹೆಂಗಸು, ಹೈಸ್ಕೂಲಿನಲ್ಲಿ ಗಣಿತ ಟೀಚರ್. ಹೆಸರು ಬೇಡ, ಗೆಳತಿ ಅಂತಲೇ ಬರೆಯುತ್ತೇನೆ. ಹೋದ ತಿಂಗಳು ಅವಳಿಗೆ ಹೆರಿಗೆ ಆಯಿತು. ಆರನೇ ದಿನ ಸಂಜೆ ಫೋನ್ ಮಾಡಿದಳು. ವಿಪರೀತ ತಲೆನೋವು, ಕಣ್ಣ ಮುಂದೆ ಮಿಂಚುಹುಳ ಹಾರಾಡಿದ ಹಾಗೆ ಆಗುತ್ತಿದೆ ಅಂದಳು. ಗಂಡ ಊರಿನಲ್ಲಿರಲಿಲ್ಲ. ಮಗುವನ್ನು ಅವಳ ಅತ್ತೆ ಕೈಗೆ ಕೊಟ್ಟು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ.

ಹೊರಡುವ ಮೊದಲು ಅವಳು ಮಾಡಿದ್ದನ್ನು ಇನ್ನೂ ಮರೆಯಲಾಗುತ್ತಿಲ್ಲ. ತಲೆ ಸಿಡಿಯುತ್ತಿದೆ ಅನ್ನುವವಳು ನೈಟಿ ಬದಲಿಸಿ ಒಳ್ಳೆ ಬಟ್ಟೆ ಹಾಕಿಕೊಂಡಳು. ಕಿವಿಗೆ ಓಲೆ, ಕೊರಳಿಗೆ ಸ್ಕೂಲಿನ ಐಡಿ ಕಾರ್ಡು. “ಈಗ್ಯಾಕೆ ಇದೆಲ್ಲ?” ಅಂದೆ. “ಹೀಗೆ ಹೋದರೆ ಸ್ವಲ್ಪ ಕೇಳಿಸಿಕೊಳ್ಳುತ್ತಾರೆ” ಅಂದಳು.

ಕೇಳಿಸಿಕೊಳ್ಳಲಿಲ್ಲ. ಎರಡೂವರೆ ಗಂಟೆ ಕೂರಿಸಿದರು. ಬಿಪಿ 158 ಇತ್ತು, ನೋವಿಗೆ ಏರಿದೆ ಅಂದರು. ಹೊಸ ತಾಯಿಗೆ ನಿದ್ದೆ ಇರುವುದಿಲ್ಲ, ತಲೆ ನೋಯುವುದು ಸಹಜ ಅಂತ ಎರಡು ಟೈಲೆನಾಲ್ (ನಮ್ಮ ಪ್ಯಾರಾಸಿಟಮಾಲ್) ಕೊಟ್ಟರು. “ನೀವು ಸ್ಟ್ರಾಂಗ್, ತಡ್ಕೋತೀರಿ” ಅಂತ ಬೆನ್ನು ತಟ್ಟಿ ಕಳಿಸಿದರು. ರಾತ್ರಿ ಒಂದು ಗಂಟೆಗೆ ಬೇರೆ ಆಸ್ಪತ್ರೆಗೆ ಓಡಿದೆವು. ಅಲ್ಲಿ 176/112. ಹತ್ತು ನಿಮಿಷದಲ್ಲಿ ಡ್ರಿಪ್ ಏರಿಸಿದರು. ಹೆರಿಗೆ ಆದ ಮೇಲೆ ಬರುವ ಪ್ರಿಎಕ್ಲಾಂಪ್ಸಿಯಾ ಅಂತೆ, ಬಿಪಿ ಅಪಾಯದ ಮಟ್ಟಕ್ಕೆ ಏರುವ ಕಾಯಿಲೆ. ನಾಲ್ಕು ದಿನ ಒಳಗಿದ್ದಳು. ಈಗ ಪರವಾಗಿಲ್ಲ.

ಇದು ಒಂದು ಆಸ್ಪತ್ರೆಯ ಬೇಜವಾಬ್ದಾರಿಯಾ, ಇಲ್ಲಾ ದೊಡ್ಡ ವಿಷಯವಾ? ಇನ್ನೊಂದು, ಜೊತೆಗೆ ಹೋದ ನಾನು ಏನು ಮಾಡಬೇಕಿತ್ತು? ಅಲ್ಲಿ ಗೊಂಬೆ ಹಾಗೆ ನಿಂತಿದ್ದೆ. ಅದೇ ಕೊರೆಯುತ್ತಿದೆ.

ಬಿಟ್_ಬೈಟ್_ಬಸವ
ಎಲ್ಲದಕ್ಕೂ ಬಣ್ಣ ತರಬೇಡಿ ಮೇಡಂ. ಇಲ್ಲಿ ಎಮರ್ಜೆನ್ಸಿಯಲ್ಲಿ ಎಲ್ಲರನ್ನೂ ಕಾಯಿಸುತ್ತಾರೆ. ನನ್ನ ಕಿಡ್ನಿ ಸ್ಟೋನಿಗೆ ಆರು ಗಂಟೆ ಕೂರಿಸಿದ್ದರು. ಎಲ್ಲ ದುಡ್ಡು ಮತ್ತು ಇನ್ಶೂರೆನ್ಸ್ ಕಥೆ. ದುಡ್ಡಿದ್ದವರಿಗೆ ಒಳ್ಳೆ ಆಸ್ಪತ್ರೆ, ಇಲ್ಲದವರಿಗೆ ಟೈಲೆನಾಲ್.

ಚುರ್ಮುರಿ
ಕಿಡ್ನಿ ಸ್ಟೋನಿಗೂ ಆರು ದಿನದ ಬಾಣಂತಿಗೂ ಹೋಲಿಕೆಯಾ ಗುರುವೇ?

ನೈಟ್_ಶಿಫ್ಟ್_ನಳಿನಿ
ಹೂಸ್ಟನ್‌ನಲ್ಲಿ ಲೇಬರ್ ವಾರ್ಡಿನ ನರ್ಸ್ ನಾನು, ಹನ್ನೆರಡು ವರ್ಷ ಆಯಿತು. ಬಸವ ಅವರೇ, ದುಡ್ಡಿನ ಮಾತು ಅರ್ಧ ಸರಿ. ಇನ್ನರ್ಧ ಕೇಳಿ.

2023ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷ ಹೆರಿಗೆಗೆ 50.3 ಕಪ್ಪು ತಾಯಂದಿರು ತೀರಿಕೊಂಡರು. ಬಿಳಿಯರಲ್ಲಿ 14.5. ಇದು ಸಿಡಿಸಿ, ಅಂದರೆ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಕೇಂದ್ರ, ಕೊಟ್ಟ ಲೆಕ್ಕ. ಬಡತನ ಒಂದೇ ಕಾರಣ ಆಗಿದ್ದರೆ ಓದಿದವರಲ್ಲಿ ಈ ಅಂತರ ಸಣ್ಣದಾಗಬೇಕಿತ್ತು, ಅಲ್ವಾ? 2007ರಿಂದ 2016ರವರೆಗಿನ ಸಾವುಗಳನ್ನು ಅದೇ ಸಿಡಿಸಿ ಓದಿನ ಪ್ರಕಾರ ಬಿಡಿಸಿ ನೋಡಿತ್ತು. ಡಿಗ್ರಿ ಮುಗಿಸಿದ ಕಪ್ಪು ಹೆಂಗಸಿಗೆ, ಹೈಸ್ಕೂಲೂ ಮುಗಿಸದ ಬಿಳಿ ಹೆಂಗಸಿಗಿಂತ ಅಪಾಯ 1.6 ಪಟ್ಟು. ಡಿಗ್ರಿ ಇರುವ ಇಬ್ಬರನ್ನೇ ಹೋಲಿಸಿದರೆ 5.2 ಪಟ್ಟು.

ಶಾಲನ್ ಇರ್ವಿಂಗ್ ಅಂತ ಒಬ್ಬರಿದ್ದರು. ಅದೇ ಸಿಡಿಸಿಯಲ್ಲಿ ರೋಗಗಳ ಲೆಕ್ಕ ಹಿಡಿಯುವ ವಿಜ್ಞಾನಿ. ಸಮಾಜದ ತಾರತಮ್ಯ ಆರೋಗ್ಯವನ್ನು ಹೇಗೆ ಕೆಡಿಸುತ್ತದೆ ಅನ್ನುವುದೇ ಅವರ ಅಧ್ಯಯನ. 2017ರ ಜನವರಿಯಲ್ಲಿ ಮಗು ಹುಟ್ಟಿ ಮೂರು ವಾರಕ್ಕೆ ತೀರಿಕೊಂಡರು, ಬಿಪಿಯಿಂದ. 36 ವರ್ಷ. ಹೆರಿಗೆ ಆದ ಮೇಲೆ ತೊಂದರೆ ಅಂತ ಮತ್ತೆ ಮತ್ತೆ ಡಾಕ್ಟರ ಹತ್ತಿರ ಹೋಗಿದ್ದರು. ಅವರಿಗೆ ಓದೂ ಇತ್ತು, ಇನ್ಶೂರೆನ್ಸೂ ಇತ್ತು.

ಹುಡುಗಿ ಐಡಿ ಕಾರ್ಡ್ ಹಾಕಿಕೊಂಡು ಹೊರಟಳು ಅಂದಿರಲ್ಲ, ಅದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಹೆರಿಗೆ ನೋವಿನಲ್ಲೂ “ನಾನು ವಕೀಲೆ” ಅಂತ ಮೊದಲು ಹೇಳಿಕೊಳ್ಳುವವರಿದ್ದಾರೆ.

ಗಂಗಾವತಿ_ಗೆಳೆಯ
ಸೆರೆನಾ ವಿಲಿಯಮ್ಸ್‌ಗೂ ಹೀಗೇ ಆಗಿತ್ತಲ್ಲ? 2018ರಲ್ಲಿ ಹೆರಿಗೆ ಟೈಮಲ್ಲಿ ಹಾರ್ಟ್ ಅಟ್ಯಾಕ್ ಆಗಿ.

ಶಟಲ್_ಶಶಿ
ಹಾರ್ಟ್ ಅಟ್ಯಾಕ್ ಅಲ್ಲ. ಮಗಳು ಹುಟ್ಟಿದ್ದು 2017ರ ಸೆಪ್ಟೆಂಬರ್ 1ಕ್ಕೆ. 2018ರಲ್ಲಿ ಅವರು ಅದನ್ನು ಹೊರಗೆ ಹೇಳಿಕೊಂಡರು. ಸಿಸೇರಿಯನ್ ಆದ ಮರುದಿನ ಉಸಿರು ಕಟ್ಟಿತು. ಅವರಿಗೆ ಮೊದಲೇ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಅನುಭವ ಇತ್ತು. ಹಾಗಾಗಿ ತಾವೇ ಎದ್ದುಹೋಗಿ ಸಿಟಿ ಸ್ಕ್ಯಾನ್ ಬೇಕು, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಹೆಪಾರಿನ್ ಬೇಕು ಅಂದರು. ನೋವಿನ ಔಷಧಿಯಿಂದ ಗೊಂದಲ ಆಗಿರಬೇಕು ಅಂದುಕೊಂಡಳು ನರ್ಸ್. ಡಾಕ್ಟರ್ ಬಂದು ಮೊದಲು ಕಾಲಿನ ಅಲ್ಟ್ರಾಸೌಂಡ್ ಮಾಡಿದರು. ಅದರಲ್ಲಿ ಏನೂ ಕಾಣಲಿಲ್ಲ. ಕೊನೆಗೆ ಸಿಟಿ ಮಾಡಿದರೆ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ ರಕ್ತದ ಸಣ್ಣ ಸಣ್ಣ ಗಡ್ಡೆ. ಇಪ್ಪತ್ತಮೂರು ಗ್ರ್ಯಾಂಡ್‌ಸ್ಲಾಮ್ ಗೆದ್ದವಳು ತನ್ನ ಮೈ ಬಗ್ಗೆ ಹೇಳಿದರೆ ನಂಬುವುದಕ್ಕೆ ಅಷ್ಟು ಹೊತ್ತು!

ಇನ್ನೊಂದು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 4x100 ರಿಲೇ ಚಿನ್ನ ಗೆದ್ದ ಅಮೆರಿಕದ ನಾಲ್ವರನ್ನು ನೆನಪಿಸಿಕೊಳ್ಳಿ. ಅದರಲ್ಲಿ ಆಲಿಸನ್ ಫೆಲಿಕ್ಸ್‌ಗೆ 2018ರಲ್ಲಿ ಪ್ರಿಎಕ್ಲಾಂಪ್ಸಿಯಾ ಆಗಿ 32 ವಾರಕ್ಕೇ ಸಿಸೇರಿಯನ್. ಟಿಯಾನಾ ಬಾರ್ಟೊಲೆಟ್ಟಾ ಹೆರಿಗೆಯಲ್ಲಿ ಸಾವಿನ ಬಾಗಿಲಿಗೆ ಹೋಗಿ ಬಂದರು. ಟೋರಿ ಬೋವಿ 2023ರಲ್ಲಿ ಎಂಟು ತಿಂಗಳ ಬಸುರಿ ಇದ್ದಾಗಲೇ ತೀರಿಕೊಂಡರು. ಒಂದೇ ಟೀಮಿನ ಮೂವರು. ಜಗತ್ತಿನಲ್ಲೇ ಗಟ್ಟಿ ಮೈಗಳು ಇವು.

ಅಂಕಿಅಂಶ_ಅಣ್ಣ
ಶಶಿ, ಟೋರಿ ಬೋವಿ ಮನೆಯಲ್ಲಿ ಒಬ್ಬರೇ ಇದ್ದಾಗ ತೀರಿಕೊಂಡಿದ್ದು. ಎಕ್ಲಾಂಪ್ಸಿಯಾ, ಅಂದರೆ ಬಿಪಿ ಏರಿ ಫಿಟ್ಸ್ ಬರುವುದು, ಇರಬಹುದು ಅಂತ ಶವಪರೀಕ್ಷೆ ಹೇಳಿತು. ಅದನ್ನು “ಡಾಕ್ಟರ್ ಕೇಳಲಿಲ್ಲ” ಅನ್ನುವ ಪಟ್ಟಿಗೆ ಸೇರಿಸುವುದು ಸರಿಯಲ್ಲ.

ನಳಿನಿ ಅವರ ಅಂಕಿಗೂ ಒಂದು ತಕರಾರು. ಅಮೆರಿಕದ ಮರಣಪತ್ರದಲ್ಲಿ 2003ರಿಂದ “ಗರ್ಭಿಣಿಯಾಗಿದ್ದರೇ?” ಅಂತ ಒಂದು ಚೌಕ ಬಂದಿದೆ. ತಪ್ಪು ಟಿಕ್ಕುಗಳಿಂದ ಒಟ್ಟು ಲೆಕ್ಕವೇ ಉಬ್ಬಿದೆ ಅಂತ 2024ರಲ್ಲಿ ಒಂದು ಅಧ್ಯಯನ ವಾದ ಮಾಡಿತು. ಹಾಗೇ 2020ರಲ್ಲಿ ಒಂದು ಸುದ್ದಿ ಓಡಾಡಿತ್ತು. ಫ್ಲೋರಿಡಾದಲ್ಲಿ ಕಪ್ಪು ಡಾಕ್ಟರ್ ನೋಡಿಕೊಂಡರೆ ಕಪ್ಪು ಶಿಶುಗಳು ಜಾಸ್ತಿ ಬದುಕುತ್ತವೆ ಅಂತ. 2024ರಲ್ಲಿ ಬೇರೆಯವರು ಅದೇ ಮಾಹಿತಿಯನ್ನು ಮತ್ತೆ ನೋಡಿದರು. ತೀರಾ ಕಡಿಮೆ ತೂಕದ ಶಿಶುಗಳನ್ನು ಲೆಕ್ಕಕ್ಕೆ ಹಿಡಿದಾಗ ಆ ಪರಿಣಾಮ ಹೆಚ್ಚೂಕಡಿಮೆ ಮಾಯ. ಕನಿಕರ ಇರಲಿ, ಲೆಕ್ಕ ತಪ್ಪಬಾರದು.

ನೈಟ್_ಶಿಫ್ಟ್_ನಳಿನಿ
ಫ್ಲೋರಿಡಾ ವಿಷಯ ಒಪ್ಪಿದೆ, ನಾನದನ್ನು ಎತ್ತಲೂ ಇಲ್ಲ. ಚೌಕದ ವಿಷಯ? ಉಬ್ಬಿದೆ ಅಂದ ಅದೇ ಅಧ್ಯಯನದಲ್ಲೂ ಕಪ್ಪು-ಬಿಳಿ ಅಂತರ ಹಾಗೇ ಉಳಿದಿತ್ತು, ಹತ್ತಿರ ಹತ್ತಿರ ಮೂರು ಪಟ್ಟು. ಅದನ್ನು ನೀವು ಬರೆಯಲಿಲ್ಲ ಅಣ್ಣಾ.

ಅಂಕಿಅಂಶ_ಅಣ್ಣ
ಬರೆಯಬೇಕಿತ್ತು. ಸರಿ.

ಚುರ್ಮುರಿ
ಇಂಟರ್‌ನೆಟ್‌ನಲ್ಲಿ ಒಬ್ಬ ಗಂಡಸು “ಸರಿ” ಅಂದ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಡಾ_ಹುಬ್ಬಳ್ಳಿ
ಪ್ರಸೂತಿ ಡಾಕ್ಟರ್ ನಾನು. ಕಾಯಿಲೆ ಬಗ್ಗೆ ಎರಡು ಮಾತು. ಮಗು ಹೊರಗೆ ಬಂದರೆ ಬಿಪಿ ಅಪಾಯ ಮುಗಿಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮುಗಿಯುವುದಿಲ್ಲ. ಹೆರಿಗೆ ಆಗಿ ಆರು ವಾರದವರೆಗೂ ಬರಬಹುದು. ಬಸುರಿನಲ್ಲಿ ಬಿಪಿ ಪೂರ್ತಿ ಸರಿ ಇದ್ದವರಿಗೂ ಬರಬಹುದು. ಬಿಡದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚು ಕಾಣುವುದು, ಬಲಗಡೆ ಪಕ್ಕೆಯ ಕೆಳಗೆ ನೋವು, ಮುಖ ಊದುವುದು, ಉಸಿರಾಟ ಕಷ್ಟ ಆಗುವುದು. ಇವುಗಳಲ್ಲಿ ಒಂದಿದ್ದರೂ ಮೊದಲು ಬಿಪಿ ನೋಡಬೇಕು. 160/110 ದಾಟಿ ಹಾಗೇ ನಿಂತರೆ ಒಂದು ಗಂಟೆಯೊಳಗೆ ಔಷಧಿ ಶುರುವಾಗಬೇಕು. ಫಿಟ್ಸ್ ತಡೆಯಲು ಮ್ಯಾಗ್ನೀಷಿಯಂ ಸಲ್ಫೇಟ್. ನಿಮ್ಮ ಗೆಳತಿಗೆ ಏರಿಸಿದ ಡ್ರಿಪ್ ಬಹುಶಃ ಅದೇ. ಹಳೇ ಔಷಧಿ, ಅಗ್ಗ, ಇಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇರುತ್ತದೆ.

ಮೊದಲನೇ ಆಸ್ಪತ್ರೆಯಲ್ಲಿ 158 ಬಂತಲ್ಲ, ಅದನ್ನು ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಲೇಬೇಕಿತ್ತು. ನೋಡಿದ್ದರಾ?

ಮಲ್ನಾಡ್_ಟು_ಅಟ್ಲಾಂಟಾ
ಇಲ್ಲ ಡಾಕ್ಟ್ರೇ. ಒಂದೇ ಸಲ.

ಅಜ್ಜಿಮನೆ_ಅನಸೂಯ
ನಮ್ಮ ಅಜ್ಜಿ “ಬಾಣಂತಿ ಸನ್ನಿ” ಅನ್ನುತ್ತಿದ್ದರಲ್ಲ ಡಾಕ್ಟ್ರೇ, ಅದು ಇದೇನಾ? ಅವರ ತಂಗಿ ಹಾಗೇ ಹೋದರಂತೆ. ಗಾಳಿ ಸೋಕಿತು ಅಂತ ಬೇವಿನ ಸೊಪ್ಪು ನಿವಾಳಿಸುತ್ತಿದ್ದರಂತೆ.

ಡಾ_ಹುಬ್ಬಳ್ಳಿ
ಆ ಒಂದು ಹೆಸರಿನ ಕೆಳಗೆ ಮೂರ್ನಾಲ್ಕು ಕಾಯಿಲೆ ಇತ್ತು ಅಮ್ಮ. ನಂಜಾಗಿ ಜ್ವರ ಏರಿದರೂ ಸನ್ನಿ, ಫಿಟ್ಸ್ ಬಂದರೂ ಸನ್ನಿ, ಮನಸ್ಸು ಕೆಟ್ಟರೂ ಸನ್ನಿ.

ಬಿಟ್_ಬೈಟ್_ಬಸವ
ಸರಿ, ಅಂತರ ಇದೆ ಅಂತ ಒಪ್ಪುತ್ತೇನೆ. ಆದರೆ ಡಾಕ್ಟರ್‌ಗಳೆಲ್ಲ ಬೇಕಂತಲೇ ಮಾಡುತ್ತಾರೆ ಅನ್ನುವುದನ್ನು ನಂಬಲಾರೆ. ಕರಿಯರಲ್ಲಿ ಬಿಪಿ, ಶುಗರ್ ಮೊದಲೇ ಜಾಸ್ತಿ ಅಂತ ಕೇಳಿದ್ದೇನೆ.

ಸಂಪಿಗೆ_ರಸ್ತೆ
“ಕರಿಯರು” ಅನ್ನಬೇಡಿ ಸಾರ್. ನಮ್ಮಲ್ಲಿ ಆ ಪದ ಬೈಗುಳದ ಹಾಗೇ ಬಳಕೆಯಾಗುತ್ತದೆ. ಕಪ್ಪು ಜನ ಅನ್ನಿ, ಆಫ್ರಿಕನ್ ಅಮೆರಿಕನ್ ಅನ್ನಿ.

ಬಿಟ್_ಬೈಟ್_ಬಸವ
ನಮ್ಮಪ್ಪನ ಹೆಸರೇ ಕರಿಯಪ್ಪ ಕಣ್ರೀ. ಆಯಿತು, ಕಪ್ಪು ಜನ.

ಇತಿಹಾಸದ_ಮೇಷ್ಟ್ರು
ಬಸವಣ್ಣಾ, ಬೇಕಂತ ಯಾರೂ ಮಾಡಬೇಕಾಗಿಲ್ಲ. ತಲೆಯೊಳಗೆ ಹಳೇ ಮಾತು ಕೂತಿದ್ದರೆ ಸಾಕು. ಅಲಬಾಮಾದ ಮಾಂಟ್‌ಗೊಮರಿಯಲ್ಲಿ 1840ರ ದಶಕದಲ್ಲಿ ಜೆ. ಮರಿಯನ್ ಸಿಮ್ಸ್ ಅನ್ನುವ ಡಾಕ್ಟರ್ ಇದ್ದ. ಹೆರಿಗೆಯಲ್ಲಿ ಆದ ಗಾಯದಿಂದ ಮೂತ್ರ ಸೋರುವ ಗುಲಾಮ ಹೆಂಗಸರ ಮೇಲೆ ಹೊಲಿಗೆ ಆಪರೇಷನ್ ಕಲಿತ. ಅರಿವಳಿಕೆ ಕೊಡಲಿಲ್ಲ. ಮೂವರ ಹೆಸರು ಉಳಿದಿದೆ: ಅನಾರ್ಕಾ, ಬೆಟ್ಸಿ, ಲೂಸಿ. ಅನಾರ್ಕಾ ಒಬ್ಬಳ ಮೇಲೇ ಸುಮಾರು ಮೂವತ್ತು ಸಲ. ಒಪ್ಪಿಗೆ ಕೇಳುವ ಪ್ರಶ್ನೆಯೇ ಇಲ್ಲ, ಅವರು ಯಾರದೋ ಆಸ್ತಿ. ಅವನಿಗೆ ಸ್ತ್ರೀರೋಗ ಶಾಸ್ತ್ರದ ಪಿತಾಮಹ ಅಂತ ಬಿರುದು, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರತಿಮೆ. 2018ರಲ್ಲಿ ಅದನ್ನು ಕಿತ್ತರು. 2021ರಲ್ಲಿ ಮಿಶೆಲ್ ಬ್ರೌಡರ್ ಅನ್ನುವ ಕಲಾವಿದೆ ಅದೇ ಮಾಂಟ್‌ಗೊಮರಿಯಲ್ಲಿ ಆ ಮೂವರು ಹೆಂಗಸರ ದೊಡ್ಡ ಮೂರ್ತಿಗಳನ್ನು ನಿಲ್ಲಿಸಿದರು. ಹಳೇ ಕಬ್ಬಿಣದ ತುಂಡುಗಳಿಂದ ಬೆಸುಗೆ ಹಾಕಿ ಮಾಡಿದ್ದು.

ಹಳೇ ಕಥೆ ಅನ್ನುತ್ತೀರಾ? 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಬಿಳಿ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ಡಾಕ್ಟರ್‌ಗಳನ್ನೂ ಕೇಳಿದರು. ಅರ್ಧದಷ್ಟು ಜನ ಒಂದಾದರೂ ಸುಳ್ಳನ್ನು ನಂಬಿದ್ದರು. ಕಪ್ಪು ಜನರ ಚರ್ಮ ದಪ್ಪ ಅನ್ನುವುದು ಅದರಲ್ಲಿ ಒಂದು. ಹಾಗೆ ನಂಬಿದವರು ಕಪ್ಪು ರೋಗಿಯ ನೋವಿಗೆ ಕಡಿಮೆ ಅಂಕ ಕೊಟ್ಟರು.

ಕುಡ್ಲ_ಕಾರ್ತಿಕ್
ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ಹೀಗೇ. ಕೊರೊನಾ ಟೈಮಲ್ಲಿ ಮನೆಮನೆಯಲ್ಲೂ ಇತ್ತಲ್ಲ. ಅದು ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ, ಚರ್ಮ ಕಪ್ಪಿದ್ದರೆ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಆಕ್ಸಿಜನ್ ನಿಜವಾಗಿ ಕಡಿಮೆ ಇದ್ದರೂ ಮಶೀನು ಸರಿ ಅಂದದ್ದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು ಅಂತ 2020ರಲ್ಲಿ ಮಿಷಿಗನ್‌ನವರು ತೋರಿಸಿದರು. ನಾನೂ ಕಪ್ಪೇ. ನನ್ನ 96 ನಿಜವಾಗಿ ಎಷ್ಟಿತ್ತೋ ಏನೋ!

ಚುರ್ಮುರಿ
ಮ್ಯಾಟ್ರಿಮೋನಿಯಲ್ಲಿ “ಗೋಧಿ ಬಣ್ಣ” ಅಂತ ಹಾಕಿದ್ದಿರಲ್ಲ ಕಾರ್ತಿಕ್.

ಕುಡ್ಲ_ಕಾರ್ತಿಕ್
ಅದು ಅಮ್ಮ ಹಾಕಿದ್ದು ಮಾರಾಯ್ರೆ.

ಯಲ್ಲಾಪುರದವಳು
ಸುಮ್ನೆ ಓದಿ ಹೋಗೋಣ ಅಂತಿದ್ದೆ. “ಗಟ್ಟಿಗಿತ್ತಿ” ಅನ್ನುವ ಮಾತಿಗೆ ನಿಂತೆ. ನಮ್ಮ ಕಡೆ ಸಿದ್ದಿ ಸಮುದಾಯದವರಿದ್ದಾರೆ, ಅವರ ಹಿರಿಯರು ಆಫ್ರಿಕದಿಂದ ಬಂದವರು. ನಾನು ಕೆಲವು ವರ್ಷ ಆರೋಗ್ಯ ಕಾರ್ಯಕರ್ತೆ ಆಗಿದ್ದೆ. ಬಸುರಿಯನ್ನು ಜೀಪಿನಲ್ಲಿ ಕರೆದುಕೊಂಡು ಹೋದರೆ “ಇವರಿಗೇನಾಗುತ್ತೆ, ಗಟ್ಟಿ ಜನ” ಅನ್ನುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಹೊಗಳಿಕೆ ಥರ ಹೇಳುತ್ತಾರೆ. ಆಮೇಲೆ ಬೆಂಚಿನ ಮೇಲೆ ಕೂರಿಸುತ್ತಾರೆ. ಅಮೆರಿಕದ್ದೂ ನಮ್ಮದೂ ಒಂದೇ ಕಥೆ ಅನ್ನುತ್ತಿಲ್ಲ. ಆ ಮಾತು ಮಾತ್ರ ಒಂದೇ.

ಮಲ್ನಾಡ್_ಟು_ಅಟ್ಲಾಂಟಾ
ಅಕ್ಕಾ, ಗೆಳತಿಯೂ ಇದನ್ನೇ ಹೇಳಿದ್ದು. “ಸ್ಟ್ರಾಂಗ್ ಅನ್ನುವ ಪದ ಕೇಳಿದರೆ ಹೆದರಿಕೆ ಆಗುತ್ತದೆ. ಇನ್ನು ಯಾರೂ ಸಹಾಯ ಮಾಡುವುದಿಲ್ಲ ಅಂತ ಅದರ ಅರ್ಥ” ಅಂದಳು.

ಬಳ್ಳಾರಿ_ಬಿಸಿಲು
ನಮ್ಮಲ್ಲೇನು ಕಡಿಮೆ? 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ನಾವು ಅಮೆರಿಕದ ಬಗ್ಗೆ ಅಳುತ್ತಿದ್ದೇವೆ. ಕರ್ನಾಟಕದ ತಾಯಂದಿರ ಮರಣ 2018-20ರಲ್ಲಿ ಲಕ್ಷಕ್ಕೆ 69 ಇತ್ತು. ಅವರ 50ಕ್ಕಿಂತ ಜಾಸ್ತಿ.

ಅಂಕಿಅಂಶ_ಅಣ್ಣ
ಆ ವಿಷಯಕ್ಕೆ ಬೇರೆ ಎಳೆ ತೆರೆಯಿರಿ, ನಾನೂ ಬರುತ್ತೇನೆ. ಆದರೆ ಅದೇ ಅವಧಿಯಲ್ಲಿ ಕೇರಳ 19ರಲ್ಲಿತ್ತು ಅನ್ನುವುದನ್ನೂ ಬರೆಯಿರಿ. ಅಮೆರಿಕ ತಲೆಗೆ ಖರ್ಚು ಮಾಡುವ ಡಾಲರ್ ಯಾರ ಹತ್ತಿರವೂ ಇಲ್ಲ. ಅಲ್ಲಿ 50 ಅನ್ನುವುದೇ ನಾಚಿಕೆ.

ಜರ್ಸಿ_ಜಾನಕಿ
ಇಷ್ಟೆಲ್ಲ ಇದ್ದರೂ ಇಲ್ಲಿ ಎಲ್ಲರೂ ಹೇಳುವುದು “ಸೆಲ್ಫ್ ಕೇರ್ ಮಾಡಿ”. ಮುಖಕ್ಕೆ ಲೇಪ, ಮೇಣದಬತ್ತಿ, ಬಾತ್ ಟಬ್. ಬಿಪಿ 176 ಇರುವವಳಿಗೆ ಲ್ಯಾವೆಂಡರ್!

ನೈಟ್_ಶಿಫ್ಟ್_ನಳಿನಿ
ಜಾನಕಿ, ಅದು ಅಂಗಡಿಯವರ ಸೆಲ್ಫ್ ಕೇರ್. ಕಪ್ಪು ಹೆಂಗಸರಲ್ಲಿ ಆ ಮಾತಿಗೆ ಬೇರೆ ಚರಿತ್ರೆ ಇದೆ. ಬಿಲ್ಲೀ ಏವರಿ ಅನ್ನುವವರು 1983ರಲ್ಲಿ, ನಮ್ಮ ಪೋಸ್ಟ್ ಹಾಕಿದವರ ಅಟ್ಲಾಂಟಾದಲ್ಲೇ, ಸ್ಪೆಲ್ಮನ್ ಕಾಲೇಜಿನಲ್ಲಿ ಕಪ್ಪು ಹೆಂಗಸರ ಆರೋಗ್ಯದ ರಾಷ್ಟ್ರೀಯ ಸಮಾವೇಶ ಮಾಡಿದರು. ಆಮೇಲೆ ಊರೂರಿನಲ್ಲಿ ಹೆಂಗಸರ ಸಣ್ಣ ಗುಂಪುಗಳು ಶುರುವಾದವು. ಸುತ್ತ ಕೂತು ಮೈಯ ಕಷ್ಟ, ಮನೆಯ ಕಷ್ಟ ಬಾಯಿಬಿಟ್ಟು ಹೇಳಿಕೊಳ್ಳುವುದು. ನಮ್ಮ ಸ್ತ್ರೀಶಕ್ತಿ ಸಂಘದ ಸಭೆ ಥರ ಅಂದುಕೊಳ್ಳಿ, ಸಾಲದ ಪುಸ್ತಕ ಇಲ್ಲ ಅಷ್ಟೇ.

ನನ್ನ ಕೇಳಿದರೆ ಬಾಣಂತಿಯ ಸೆಲ್ಫ್ ಕೇರ್ ಅಂದರೆ ತೋಳಿಗೆ ಸುತ್ತುವ ಬಿಪಿ ಮಶೀನು. ದಿನಕ್ಕೆರಡು ಸಲ ನೋಡಿ ಬರೆದಿಡಿ. ಬಿಪಿ ತೊಂದರೆ ಇದ್ದವರನ್ನು ಹೆರಿಗೆ ಆಗಿ ಹತ್ತು ದಿನದೊಳಗೆ ನೋಡಬೇಕು ಅಂತ ಇಲ್ಲಿನ ಪ್ರಸೂತಿ ವೈದ್ಯರ ಸಂಘವೇ ಹೇಳುತ್ತದೆ. ಆದರೂ ತುಂಬಾ ಕಡೆ ಆರು ವಾರಕ್ಕೆ ಒಂದೇ ಅಪಾಯಿಂಟ್‌ಮೆಂಟ್ ಕೊಟ್ಟು ಕಳಿಸುತ್ತಾರೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಬಾಗಿಲಲ್ಲೇ ಮೊದಲ ವಾಕ್ಯ “ಇವಳಿಗೆ ಆರು ದಿನದ ಹಿಂದೆ ಹೆರಿಗೆ ಆಗಿದೆ” ಅಂತಿರಲಿ. ತಲೆನೋವು ಆಮೇಲೆ. ಎಮರ್ಜೆನ್ಸಿಯಲ್ಲಿ ಎಷ್ಟೋ ಸಲ ಬಾಣಂತಿ ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. “ಪ್ರಿಎಕ್ಲಾಂಪ್ಸಿಯಾ ಅಲ್ಲ ಅಂತ ಹೇಗೆ ಗೊತ್ತಾಯಿತು?” ಅಂತ ಕಾಯಿಲೆಯ ಹೆಸರು ಹಿಡಿದೇ ಕೇಳಿ. ಬಿಪಿ ಮತ್ತೆ ನೋಡಿ ಅನ್ನಿ. ಕಳಿಸಿಬಿಡುತ್ತೇವೆ ಅಂದರೆ ಚಾರ್ಜ್ ನರ್ಸನ್ನು, ಅಂದರೆ ಆ ಪಾಳಿಯ ಮುಖ್ಯ ನರ್ಸನ್ನು, ಕರೆಯಿರಿ, ಹೆರಿಗೆ ಮಾಡಿಸಿದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿಸಿ. ಯಾರು, ಎಷ್ಟು ಗಂಟೆಗೆ, ಏನಂದರು ಅಂತ ಬರೆದುಕೊಳ್ಳಿ. ಪೆನ್ನು ಕೈಯಲ್ಲಿ ಕಂಡರೆ ಸಾಕು, ಧ್ವನಿ ಬದಲಾಗುತ್ತದೆ. ಟೆಸ್ಟ್ ಬೇಡ ಅಂದರೆ, ಬೇಡ ಅಂದಿದ್ದನ್ನು ಕಡತದಲ್ಲಿ ಬರೆಯಿರಿ ಅನ್ನಿ.

ಸಂಪಿಗೆ_ರಸ್ತೆ
ಕೊನೇದಕ್ಕೆ ನನ್ನ ಒಪ್ಪಿಗೆ ಇಲ್ಲ. ಮೆಡಿಕಲ್ ಬಿಲ್ಲಿಂಗ್ ಕೆಲಸದಲ್ಲಿ ದಿನಾ ಕಡತ ನೋಡುವವಳು ನಾನು. ಹಾಗೆ ಕೇಳಿದ ಬಿಳಿ ಹೆಂಗಸು “ತಿಳಿವಳಿಕೆಯುಳ್ಳವಳು”. ಅದನ್ನೇ ಕಪ್ಪು ಹೆಂಗಸು ಕೇಳಿದರೆ “ಸಿಡುಕಿ, ಸಹಕರಿಸುವುದಿಲ್ಲ”. ಷಿಕಾಗೋದಲ್ಲಿ ರೋಗಿಗಳ ಕಡತಗಳನ್ನು ಓದಿ 2022ರಲ್ಲಿ ಒಂದು ಅಧ್ಯಯನ ಬಂತು. ಕಪ್ಪು ರೋಗಿಗಳ ಬಗ್ಗೆ ಇಂಥ ಕೆಟ್ಟ ವಿಶೇಷಣ ಬರೆಯುವ ಸಾಧ್ಯತೆ ಎರಡೂವರೆ ಪಟ್ಟು. ಒಮ್ಮೆ ಬರೆದರೆ ಮುಂದಿನ ಡಾಕ್ಟರೂ ಅದನ್ನೇ ಓದುತ್ತಾರೆ. ಸುಮ್ಮನಿದ್ದರೆ ನೋವಿಲ್ಲ ಅಂತಾರೆ, ಕೂಗಿದರೆ ಜಗಳಗಂಟಿ ಅಂತಾರೆ. ಬಾಯಿ ಜೋರು ಮಾಡು ಅಂತ ರೋಗಿಗೇ ಹೇಳುವುದು ಎಷ್ಟು ಸರಿ?

ನೈಟ್_ಶಿಫ್ಟ್_ನಳಿನಿ
ಸರಿಯಲ್ಲ. ಆದರೆ ರಾತ್ರಿ ಒಂದು ಗಂಟೆಗೆ ಸರಿಯಾದ ಆಸ್ಪತ್ರೆ ಬರಲಿ ಅಂತ ಕಾಯಲೂ ಆಗುವುದಿಲ್ಲ. ಅದಕ್ಕೇ ಕೇಳುವ ಕೆಲಸ ಜೊತೆಗಿದ್ದವರದ್ದು ಅನ್ನುತ್ತೇನೆ. ಸಿಡುಕಿ ಅಂತ ಬರೆದರೆ ನನ್ನ ಹೆಸರಿಗೆ ಬರೆಯಲಿ, ನನಗೇನು?

ಆಸ್ಪತ್ರೆ ಕಡೆಯಿಂದಲೂ ಆಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2006ರಿಂದ ಪಟ್ಟು ಹಿಡಿದು, ರಕ್ತಸ್ರಾವ ಆದರೆ ಇಷ್ಟು ಅಳೆಯಿರಿ, ಬಿಪಿ ಏರಿದರೆ ಇಷ್ಟೊತ್ತಿಗೆ ಇದು ಕೊಡಿ ಅಂತ ಕಟ್ಟುನಿಟ್ಟು ಮಾಡಿದರು. 2013ರ ಹೊತ್ತಿಗೆ ತಾಯಂದಿರ ಸಾವು ಅರ್ಧಕ್ಕರ್ಧ ಇಳಿಯಿತು. ಅಂತರ ಮಾತ್ರ ಅಲ್ಲೂ ಪೂರ್ತಿ ಹೋಗಲಿಲ್ಲ.

ಬಿಟ್_ಬೈಟ್_ಬಸವ
ಅಂದರೆ ಡಾಕ್ಟರ ಅಂದಾಜಿಗೆ ಬಿಡದೆ ಚೆಕ್‌ಲಿಸ್ಟ್ ಮಾಡಬೇಕು. ವಿಮಾನದವರು ಮಾಡಿದ ಹಾಗೆ. ಇದು ನನಗೆ ಅರ್ಥವಾಗುವ ಭಾಷೆ.

ಅಜ್ಜಿಮನೆ_ಅನಸೂಯ
ಆ ಹುಡುಗಿಗೆ ಬಾಣಂತನ ಯಾರು ಮಾಡುತ್ತಿದ್ದಾರೆ? ನಲವತ್ತು ದಿನ ಮಂಚ ಬಿಟ್ಟು ಇಳಿಯಬಾರದು.

ಜರ್ಸಿ_ಜಾನಕಿ
ಅಮ್ಮಾ, ಇಲ್ಲಿ ಸಂಬಳ ಸಹಿತ ಹೆರಿಗೆ ರಜೆ ಕೊಡಿ ಅನ್ನುವ ದೇಶದ ಕಾನೂನೇ ಇಲ್ಲ. 1993ರ ಒಂದು ಕಾನೂನು ಹನ್ನೆರಡು ವಾರ ಕೊಡುತ್ತದೆ, ಅದೂ ಸಂಬಳ ಇಲ್ಲದೆ, ಅದೂ ಎಲ್ಲರಿಗೂ ಇಲ್ಲ. ಹದಿನೈದನೇ ದಿನಕ್ಕೆ ಕೆಲಸಕ್ಕೆ ಹೋದವರನ್ನು ನೋಡಿದ್ದೇನೆ. ದೂಲಾ ಅಂತ ಇರುತ್ತಾರೆ, ಹೆರಿಗೆಯಲ್ಲಿ ಕೈ ಹಿಡಿದು ಪಕ್ಕದಲ್ಲಿರುವವರು. ನಮ್ಮ ಸೂಲಗಿತ್ತಿಯ ತಂಗಿ ಅಂದುಕೊಳ್ಳಿ, ಆದರೆ ಹೆರಿಗೆ ಮಾಡಿಸುವುದಿಲ್ಲ. ಕೆಲವು ರಾಜ್ಯಗಳಲ್ಲಿ ಬಡವರ ವಿಮೆಯಿಂದ ಅವರ ದುಡ್ಡು ಸಿಗುತ್ತದೆ.

ಗಂಗಾವತಿ_ಗೆಳೆಯ
ಅಂಟಿನ ಉಂಡೆ ಪಾರ್ಸೆಲ್ ಮಾಡಬಹುದಾ ಅಟ್ಲಾಂಟಾಕ್ಕೆ?

ಡಾ_ಹುಬ್ಬಳ್ಳಿ
ಉಂಡೆ ಕಳಿಸಿ. ನಲವತ್ತು ದಿನ ಮಂಚದಲ್ಲೇ ಇರುವುದು ಬೇಡ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮನೆಯೊಳಗೆ ಓಡಾಡಲಿ. ನೀರು ಕಡಿಮೆ ಕುಡಿಸುವ ಪದ್ಧತಿಯೂ ಬೇಡ ಅನಸೂಯಮ್ಮ.

ಅಜ್ಜಿಮನೆ_ಅನಸೂಯ
ನೀರಿನ ವಿಷಯ ನಮ್ಮ ಸೊಸೆಯೂ ಜಗಳ ಆಡಿದ್ದಳು. ಅವಳೇ ಗೆದ್ದಳು.

ಮಲ್ನಾಡ್_ಟು_ಅಟ್ಲಾಂಟಾ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಗೆಳತಿಯ ಮನೆಯಲ್ಲೇ ಕೂತು ಇದನ್ನೆಲ್ಲ ಅವಳಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಸಂಪಿಗೆ ರಸ್ತೆಯವರ ಮಾತಿಗೆ ತುಂಬಾ ಹೊತ್ತು ತಲೆ ಆಡಿಸಿದಳು. ಮೊದಲನೇ ಆಸ್ಪತ್ರೆಯಿಂದ ತನ್ನ ಕಡತ ತರಿಸಿಕೊಂಡಿದ್ದಾಳೆ. ಅದರಲ್ಲಿ ತಲೆನೋವು ಅಂತಿದೆ, ಕಣ್ಣಿನ ಮಿಂಚಿನ ಸುದ್ದಿಯೇ ಇಲ್ಲ. ನಾನೇ ಪಕ್ಕದಲ್ಲಿ ನಿಂತು ಕೇಳಿದ್ದೆ, ಎರಡು ಸಲ ಹೇಳಿದ್ದಳು. ದೂರು ಬರೆಯುತ್ತಿದ್ದೇವೆ. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು.

ಇವತ್ತಿನ ಬಿಪಿ 128/82. ಮೊನ್ನೆ ಮೆಣಸಿನ ಸಾರು ಮಾಡಿಕೊಟ್ಟಿದ್ದೆ, ಮತ್ತೆ ಬೇಕಂತೆ. ಅವಳ ಅತ್ತೆಗೆ ಕಲಿಸಬೇಕು. ಅನಸೂಯಮ್ಮಾ, ಬಾಣಂತಿ ಸಾರಿನ ಅಳತೆ ಹೇಳಿ.

ಅಜ್ಜಿಮನೆ_ಅನಸೂಯ
ಒಂದು ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಎಂಟು ಎಸಳು ಬೆಳ್ಳುಳ್ಳಿ. ಹುಣಸೆ ಸ್ವಲ್ಪ. ತುಪ್ಪದಲ್ಲಿ ಹುರಿದು ಕುಟ್ಟಬೇಕು, ಮಿಕ್ಸಿಗೆ ಹಾಕಬೇಡಿ. ಉಪ್ಪಿಗೆ ಮಾತ್ರ ಕೈ ಬಿಗಿ ಹಿಡಿಯಿರಿ, ಬಿಪಿ ಇದೆ ಅಂತ ನೀವೇ ಹೇಳಿದ್ದು.